ಹೊಟ್ಟೆ ನೊಂದರೆ ಮನಸ್ಸನ್ನು ಕೇಳಿ, ಮನಸ್ಸು ನೊಂದರೆ ಹೊಟ್ಟೆಯನ್ನು ಕೇಳಿ

*ದಿನಕ್ಕೊಂದು ಧಮ್ಮ ಚಿಂತನೆ*





ಹೋದ ಭಾನುವಾರ ರಾಣೇಬೆನ್ನೂರಿನಲ್ಲಿ ನಮ್ಮ ಅಧ್ಯಯನ ಬಳಗ ಸೇರಿದಾಗ ಹತ್ತು ನಿಮಿಷ ಆನಾಪಾನಸತಿಗೆ ಕುಳಿತಿದ್ದೆವು. ಎಲ್ಲರೂ ಕಣ್ಣು ಮುಚ್ಚಿದ್ದರು. ಅಷ್ಟರಲ್ಲಿ ಹಿರಿಯ ಕಾಕಾ ಒಬ್ಬರ ಹೊಟ್ಟೆ ಗುಡುಗುಡು ಎಂದಿತು. ಹಿಂದೆ ಕುಳಿತ ಹುಡುಗರು ಕಿಸಕ್ಕನೆ ನಕ್ಕರು. ಧ್ಯಾನ ಮುಗಿದ ಮೇಲೆ ಕಾಕಾ ನಾಚಿಕೊಂಡೇ ಕೇಳಿದರು: "ಅಲ್ಲವಾ ಟೀಚರ, ಉಸರಿನ ಮ್ಯಾಲ ಮನಸ ಇಡ್ರಿ ಅಂತೀರಿ. ನನ್ನ ಮನಸ ಹೊಟ್ಟಿ ಬಿಟ್ಟು ಮ್ಯಾಲ ಏಳವಲ್ದು. ಮುಂಜಾನಿಂದ ಬರೀ ಚಾದ ಮ್ಯಾಲ ಅದೀನಿ. ರಾತ್ರಿ ನಿದ್ದಿನೂ ಇಲ್ಲ, ಹೊಟ್ಟಿನೂ ನೆಟ್ಟಗಿಲ್ಲ. ಇದು ಹೊಟ್ಟಿ ಬ್ಯಾನಿಯೋ, ಮನಸಿನ ಬ್ಯಾನಿಯೋ?"

ಅವತ್ತು ಅವರಿಗೆ ಮೊದಲು ಒಂದು ತಾಟು ಉಪ್ಪಿಟ್ಟು ಕೊಟ್ಟೆವು. ಉತ್ತರ ಮಾತ್ರ ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ವಾರವಿಡೀ ಯೋಚಿಸಿದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕನ್ನಡ ಎಂ.ಎ. ಓದಿದವಳು ನಾನು. ಯಾವ ವಿಷಯಕ್ಕೂ ಮೊದಲು ಮಾತಿನ ಕಡೆಗೇ ಕಿವಿ ಹೋಗುತ್ತದೆ. ನಮ್ಮ ಮಂದಿ ಮನಸ್ಸಿನ ಸುದ್ದಿಯನ್ನೆಲ್ಲ ಹೊಟ್ಟೆಯ ಮಾತಿನಲ್ಲೇ ಹೇಳುತ್ತಾರೆ. ಇನ್ನೊಬ್ಬರ ಏಳಿಗೆ ಸಹಿಸದಿದ್ದರೆ ಹೊಟ್ಟೆಕಿಚ್ಚು. ಅನ್ಯಾಯ ಕಂಡರೆ ಹೊಟ್ಟೆಯುರಿ. ಮಕ್ಕಳ ಸಂಕಟ ನೋಡಿದರೆ ಕರುಳು ಚುರ್ ಎನ್ನುತ್ತದೆ. ತಪ್ಪು ಮಾಡಿದವರು "ಹೊಟ್ಟೆಯಲ್ಲಿ ಹಾಕಿಕೊಳ್ಳಿ" ಎಂದು ಕೈಮುಗಿಯುತ್ತಾರೆ. ಉಪಕಾರ ಪಡೆದ ಮುದುಕಿ "ನಿನ್ನ ಹೊಟ್ಟಿ ತಣ್ಣಗಿರ್ಲಿ" ಎಂದು ಹರಸುತ್ತಾಳೆ. ಹೊಟ್ಟೆ ಬೇರೆ, ಮನಸ್ಸು ಬೇರೆ ಎಂದು ನಮ್ಮ ಹಿರಿಯರು ಎಂದೂ ಮಾತಾಡಲಿಲ್ಲ. ನಾವು ಓದಿದವರೇ ಅವೆರಡನ್ನೂ ಬೇರೆ ಬೇರೆ ದವಾಖಾನೆಗೆ ಕಳಿಸಿದೆವು.

ನನ್ನ ಅವ್ವನ ಸಂಗತಿ ಹೇಳುತ್ತೇನೆ. ಅವಳು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿಗೆ ಹೋಗುತ್ತಿದ್ದಳು. ಕೆಂಪು ರಾಶಿಯ ಸುತ್ತ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಸಂಜೆಯವರೆಗೆ ಕೈಯಾಡಿಸಬೇಕು. ಘಾಟಿಗೆ ಕೆಮ್ಮು, ಬೆರಳಿಗೆ ಉರಿ. ಮುಂಜಾನೆ ಒಂದು ಕಪ್ಪು ಚಹಾ, ಮಧ್ಯಾಹ್ನ ತಂಗಳ ರೊಟ್ಟಿ, ಖಾರ. ರೊಟ್ಟಿ ಕಡಿಮೆಯಿದ್ದ ದಿನ ಅದನ್ನೂ ನಮಗೇ ಇಟ್ಟು ಹೋಗಿರುತ್ತಿದ್ದಳು. ನೀರು ಕುಡಿದರೆ ಹೊರಕಡೆಗೆ ಹೋಗಬೇಕು, ಹೋಗಲು ಮರೆಯಿಲ್ಲ. ಹಾಗಾಗಿ ನೀರನ್ನೂ ಕುಡಿಯುತ್ತಿರಲಿಲ್ಲ.

ಸಂಜೆ ಮನೆಗೆ ಬಂದವಳಿಗೆ ಸಣ್ಣ ಮಾತಿಗೂ ಸಿಟ್ಟು. ತಂಬಿಗೆ ಉರುಳಿದರೆ ಹೊಡೆತ. ಹೊಡೆದು ತಾನೇ ಅಳುತ್ತಿದ್ದಳು. ಓಣಿಯವರು "ಅಕಿಗೆ ಗಾಳಿ ಸೋಕೈತಿ" ಎಂದರು. ತಾಯತ ಕಟ್ಟಿಸಿದರು. ತಾಯತಕ್ಕೆ ಕೊಟ್ಟ ದುಡ್ಡಿನಲ್ಲಿ ಒಂದು ವಾರದ ಜೋಳ ಬರುತ್ತಿತ್ತು. "ಮುಂಜಾನಿಂದ ಏನರ ಉಂಡಿಯೇನವಾ?" ಎಂದು ಯಾರೂ ಅವಳನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವಳನ್ನು ಸಿಟ್ಟಿನ ಹೆಂಗಸು ಎಂದೇ ತಿಳಿದು ಬೆಳೆದೆ. ಅದು ಹಸಿವಿನ ಸಿಟ್ಟು ಎಂದು ತಿಳಿಯುವ ಹೊತ್ತಿಗೆ ಅವಳು ಇರಲಿಲ್ಲ.

ಇನ್ನು ನನ್ನದು. ನಾನು ಓದಿದ ಊರಿನ ಶಾಲೆಯಲ್ಲಿ ನಮ್ಮ ಕೇರಿಯ ಮಕ್ಕಳು ಗಡಿಗೆ ಮುಟ್ಟುವಂತಿರಲಿಲ್ಲ. ಬೇರೆ ಹುಡುಗರು ಮೇಲಿನಿಂದ ಬೊಗಸೆಗೆ ಸುರಿಯಬೇಕು. ಸುರಿಯುವಾಗ ನಗುತ್ತಿದ್ದರು, ಬೇಕೆಂದೇ ಅಂಗಿ ತೋಯಿಸುತ್ತಿದ್ದರು. ನಾನು ನೀರು ಕುಡಿಯುವುದನ್ನೇ ಬಿಟ್ಟೆ. ಬಾಬಾಸಾಹೇಬರು ಸಾತಾರಾದ ಶಾಲೆಯಲ್ಲಿ ಜವಾನ ಬಾರದ ದಿನ ನೀರಿಲ್ಲದೆ ಇರಬೇಕಾಗಿತ್ತು ಎಂದು ಮುಂದೆ ಓದಿದಾಗ, ಆ ಬಾಲಕನ ಒಣಗಿದ ಗಂಟಲು ನನ್ನದೇ ಅನ್ನಿಸಿತು. 1927ರ ಮಾರ್ಚ್ 20ರಂದು ಅವರು ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದದ್ದು ಹಕ್ಕಿನ ಹೋರಾಟ, ನಿಜ. ಅದು ನಮ್ಮ ಹೊಟ್ಟೆಯೊಳಗೆ ತಲೆತಲಾಂತರದಿಂದ ಕಟ್ಟಿಕೊಂಡಿದ್ದ ಹೆದರಿಕೆಯ ಗಂಟನ್ನು ಬಿಚ್ಚಿದ ಕೆಲಸವೂ ಹೌದು.

ಆ ಗಂಟು ನನ್ನಲ್ಲಿ ಉಳಿದಿತ್ತು. ನೌಕರಿ ಸಿಕ್ಕಿತು, ಸಂಬಳ ಬಂತು, ಹೊಟ್ಟೆ ಮಾತ್ರ ನೆಟ್ಟಗಾಗಲಿಲ್ಲ. ಭಾನುವಾರ ಸಂಜೆಯಾದರೆ ಹೊಟ್ಟೆ ಹಿಂಡುವುದು, ಸೋಮವಾರ ಬೆಳಗ್ಗೆ ಮೂರು ಸಲ ಓಡುವುದು, ಮರುವಾರ ಮಲಬದ್ಧತೆ. ವರ್ಷಗಟ್ಟಲೆ ಗ್ಯಾಸಿನ ಗುಳಿಗೆ ನುಂಗಿದೆ. ಕೊನೆಗೆ ಎಂಡೋಸ್ಕೋಪಿ ಆಯಿತು. ರಿಪೋರ್ಟ್ ನಾರ್ಮಲ್. ಮನೆಯಲ್ಲಿ "ನಿಂದು ಬರೀ ಭ್ರಮಿ" ಎಂದರು. ರೋಗವಿದ್ದರಾದರೂ ಚೆನ್ನಾಗಿತ್ತು ಎಂದು ಅತ್ತೆ.

ಆಗ ಒಬ್ಬ ವೈದ್ಯೆ ಬೇರೆಯೇ ಪ್ರಶ್ನೆ ಕೇಳಿದರು: "ನೋವು ಯಾವ ದಿನ ಶುರುವಾಗುತ್ತೆ? ಆ ದಿನ ಎಲ್ಲಿಗೆ ಹೋಗಬೇಕಿರುತ್ತೆ?" ನನ್ನ ಆಗಿನ ಶಾಲೆಯ ಸ್ಟಾಫ್‌ರೂಮಿನಲ್ಲಿ ನಾನು ಡಬ್ಬಿ ತೆರೆದರೆ ಪಕ್ಕದ ಕುರ್ಚಿ ಖಾಲಿಯಾಗುತ್ತಿತ್ತು. ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಅವರಿಗೆ ಹೇಳಿದೆ. ಅವರು ಹೇಳಿದ್ದು ಇಷ್ಟು: "ನಿಮ್ಮ ನೋವು ಖರೇನೇ. ಕರುಳಿನಲ್ಲಿ ಹುಣ್ಣಿಲ್ಲ, ಆದರೆ ಅದು ಹೆದರಿಕೆಗೆ ಒಗ್ಗಿಬಿಟ್ಟಿದೆ. ಇದಕ್ಕೆ ಐಬಿಎಸ್ ಅಂತೀವಿ. ಹೊಟ್ಟೆಗೂ ಔಷಧ ಮಾಡೋಣ, ಮನಸ್ಸಿಗೂ ಮಾಡೋಣ."

*ವಿಜ್ಞಾನ ಏನು ಹೇಳುತ್ತದೆ?*

ಕಾಕಾ ಅವರ ಪ್ರಶ್ನೆಗೆ ಬರೋಣ. ಅನ್ನನಾಳದಿಂದ ಗುದದವರೆಗೆ ನಮ್ಮ ಜೀರ್ಣನಾಳದ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಕರುಳು ಮಿದುಳಿನ ಅಪ್ಪಣೆಗೆ ಕಾಯದೆ ತನ್ನ ಬಹಳಷ್ಟು ಕೆಲಸ ತಾನೇ ಮಾಡಿಕೊಳ್ಳಬಲ್ಲದು. ಹೊಟ್ಟೆಗೂ ಮಿದುಳಿಗೂ ನಡುವೆ ವೇಗಸ್ ಎಂಬ ಉದ್ದನೆಯ ನರ ಇದೆ. ಅದರ ಎಳೆಗಳಲ್ಲಿ ನೂರಕ್ಕೆ ಸುಮಾರು 80 ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಅಂದರೆ ಮಿದುಳು ಹೊಟ್ಟೆಗೆ ಹೇಳುವುದಕ್ಕಿಂತ ಹೊಟ್ಟೆ ಮಿದುಳಿಗೆ ಹೇಳುವುದೇ ಹೆಚ್ಚು. ಮನಸ್ಸಿನ ನೆಮ್ಮದಿಯ ಜೊತೆ ನಾವು ಕೇಳುವ ಸೆರೊಟೋನಿನ್ ಎಂಬ ರಾಸಾಯನಿಕದ ಶೇ. 90ಕ್ಕಿಂತ ಹೆಚ್ಚು ಭಾಗ ತಯಾರಾಗುವುದು ಕರುಳಿನಲ್ಲೇ. ಅದು ನೇರವಾಗಿ ಮಿದುಳಿನೊಳಗೆ ಹೋಗುವುದಿಲ್ಲ. ಆದರೆ ಕರುಳಿನ ಚಲನೆಯನ್ನು ನಡೆಸುತ್ತದೆ, ನರಗಳಿಗೆ ಸುದ್ದಿ ಮುಟ್ಟಿಸುತ್ತದೆ.

ಇದು ಮೊದಲು ಕಣ್ಣಿಗೆ ಬಿದ್ದದ್ದು ಒಬ್ಬ ಬಡ ಕೂಲಿಯ ಹೊಟ್ಟೆಯಲ್ಲಿ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ದುಡಿಮೆಗಾರನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಬದುಕಿದ, ಆದರೆ ಜಠರಕ್ಕೆ ಬಿದ್ದ ತೂತು ಮುಚ್ಚಲಿಲ್ಲ. ವಿಲಿಯಂ ಬೋಮಾಂಟ್ ಎಂಬ ವೈದ್ಯ ಆ ತೂತಿನ ಮೂಲಕ ವರ್ಷಗಟ್ಟಲೆ ನೋಡಿ, 1833ರಲ್ಲಿ ಪುಸ್ತಕ ಬರೆದ. ಸೇಂಟ್ ಮಾರ್ಟಿನ್ ಸಿಟ್ಟಿಗೆದ್ದಾಗ ಅವನ ಜೀರ್ಣಕ್ರಿಯೆ ಏರುಪೇರಾಗುವುದನ್ನು ಆತ ಕಣ್ಣಾರೆ ಕಂಡಿದ್ದ.

ಇತ್ತೀಚೆಗೆ ಕರುಳಿನ ಸೂಕ್ಷ್ಮಜೀವಿಗಳ ಮೇಲೂ ಅಧ್ಯಯನ ನಡೆದಿದೆ. 2004ರಲ್ಲಿ ಜಪಾನಿನ ಸಂಶೋಧಕರು ಕರುಳಿನಲ್ಲಿ ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಬೆಳೆಸಿದ ಇಲಿಗಳನ್ನು ಪರೀಕ್ಷಿಸಿದರು. ಕಟ್ಟಿಹಾಕಿದಾಗ ಅವುಗಳ ಮೈಯಲ್ಲಿ ಬೇರೆ ಇಲಿಗಳಿಗಿಂತ ಹೆಚ್ಚಾಗಿ ಒತ್ತಡದ ಹಾರ್ಮೋನು ಏರಿತು. 2017ರಲ್ಲಿ ಆಸ್ಟ್ರೇಲಿಯಾದಿಂದ ಇನ್ನೊಂದು ಅಧ್ಯಯನ ಬಂತು. ಖಿನ್ನತೆಯಿಂದ ನರಳುತ್ತಿದ್ದ 67 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರ ಊಟ ಸುಧಾರಿಸಲು ನೆರವಾದರು. ಇನ್ನೊಂದು ಗುಂಪಿನ ಜೊತೆ ಅಷ್ಟೇ ಹೊತ್ತು ಕುಳಿತು ಸ್ನೇಹದಿಂದ ಮಾತಾಡಿದರು. ಊಟದ ಗುಂಪಿನಲ್ಲಿ ಸುಮಾರು ಮೂರರಲ್ಲಿ ಒಬ್ಬರು ಖಿನ್ನತೆಯಿಂದ ಹೊರಬಂದರು. ಇನ್ನೊಂದರಲ್ಲಿ ನೂರಕ್ಕೆ 8 ಮಂದಿ. ಸಣ್ಣ ಅಧ್ಯಯನ ಇದು. ಊಟವೊಂದೇ ಔಷಧ ಎಂದು ಇದರಿಂದ ಹೇಳಲಾಗದು. ಊಟಕ್ಕೂ ಮನಸ್ಸಿಗೂ ಸಂಬಂಧ ಇದೆ ಎಂದು ಧೈರ್ಯವಾಗಿ ಹೇಳಬಹುದು.

*ಬುದ್ಧಗುರು ಏನು ಮಾಡಿದರು?*

ಸಿದ್ಧಾರ್ಥರು ಆರು ವರ್ಷ ದೇಹವನ್ನು ದಂಡಿಸಿದರು. ಹೊಟ್ಟೆ ಮುಟ್ಟಿದರೆ ಬೆನ್ನುಮೂಳೆ ಕೈಗೆ ಸಿಗುವಷ್ಟು ಸೊರಗಿದರು. ಬತ್ತಿದ ಮೈಯಿಂದ ಮನಸ್ಸಿನ ಏಕಾಗ್ರತೆ ಸಾಧ್ಯವಿಲ್ಲವೆಂದು ಕಂಡುಕೊಂಡು ಊಟ ಮಾಡಿದರು. ಜೊತೆಗಿದ್ದ ಐವರು ಅವರನ್ನು ಬಿಟ್ಟು ಹೋದರು. ಮಧ್ಯಮ ಮಾರ್ಗದ ಮೊದಲ ಹೆಜ್ಜೆ ಒಂದು ಬಟ್ಟಲು ಪಾಯಸ ಎಂಬುದನ್ನು ನಾವು ಮರೆಯಬಾರದು.

ಆಳವಿ ಎಂಬ ಊರಿನ ಕಥೆ ಧಮ್ಮಪದದ ಅಟ್ಠಕಥೆಯಲ್ಲಿದೆ. ಭಗವಾನರು ಅಲ್ಲಿಗೆ ಬಂದಾಗ ಜನರೆಲ್ಲ ಧಮ್ಮ ಕೇಳಲು ಕೂತರು. ಒಬ್ಬ ಬಡ ರೈತನ ಎತ್ತು ಕಳೆದುಹೋಗಿತ್ತು. ಅದನ್ನು ಹುಡುಕಿ, ಕಟ್ಟಿ, ಹಸಿದ ಹೊಟ್ಟೆಯಲ್ಲೇ ಓಡಿ ಬಂದ. ಭಗವಾನರು ಅಲ್ಲಿಯವರೆಗೆ ಮಾತು ಶುರು ಮಾಡಿರಲಿಲ್ಲ. ಅವನನ್ನು ಕಂಡೊಡನೆ, ಊಟ ಉಳಿದಿದೆಯೇ, ಇವನಿಗೆ ಬಡಿಸಿ ಎಂದರು. ಅವನು ಉಂಡು ಕೈತೊಳೆದ ಮೇಲೆ ಉಪದೇಶ ಮಾಡಿದರು. ಭಿಕ್ಖುಗಳು ಗೊಣಗಿದಾಗ, ಹಸಿವಿಗಿಂತ ದೊಡ್ಡ ರೋಗವಿಲ್ಲ, ಹಸಿದವನ ಕಿವಿಗೆ ಧಮ್ಮ ಇಳಿಯುವುದಿಲ್ಲ ಎಂಬರ್ಥದ ಮಾತು ಹೇಳಿದರು. ಈ ಕಥೆ ಓದಿದಾಗಲೆಲ್ಲ ನನಗೆ ಅವ್ವ ನೆನಪಾಗುತ್ತಾಳೆ.

ಇನ್ನೊಂದು ಘಟನೆ ವಿನಯ ಪಿಟಕದ ಮಹಾವಗ್ಗದ್ದು. ಒಬ್ಬ ಭಿಕ್ಖುವಿಗೆ ಹೊಟ್ಟೆ ಕೆಟ್ಟು ಭೇದಿಯಾಗಿತ್ತು. ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಯಾರೂ ಹತ್ತಿರ ಬರುತ್ತಿರಲಿಲ್ಲ. ಭಗವಾನರು ಕಾರಣ ಕೇಳಿದಾಗ ಅವನು, ನಾನು ಯಾರಿಗೂ ಉಪಯೋಗವಿಲ್ಲದವನು, ಅದಕ್ಕೆ ಯಾರೂ ನೋಡುವುದಿಲ್ಲ ಎಂದ. ಈ ಮಾತನ್ನು ಗಮನಿಸಿ. ಕೆಟ್ಟದ್ದು ಹೊಟ್ಟೆ, ಮುರಿದದ್ದು ಮನಸ್ಸು. ಭಗವಾನರು ಆನಂದನಿಂದ ನೀರು ತರಿಸಿ ತಾವೇ ಸುರಿದರು, ಆನಂದ ತೊಳೆದ. ಒಬ್ಬರು ತಲೆ, ಒಬ್ಬರು ಕಾಲು ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕರೆದು, ನಿಮಗೆ ಇಲ್ಲಿ ತಾಯಿ ತಂದೆ ಇಲ್ಲ, ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ಯಾರು ನೋಡುತ್ತಾರೆ, ನನ್ನ ಸೇವೆ ಮಾಡುವ ಮನಸ್ಸುಳ್ಳವರು ರೋಗಿಯ ಸೇವೆ ಮಾಡಿ ಎಂದು ತಿಳಿಹೇಳಿದರು. ಊರಿನ ಹೊಲಸನ್ನು ಬಳಿಯುವ ಕೆಲಸವನ್ನು ನಮ್ಮ ಹಿರಿಯರ ತಲೆಗೆ ಕಟ್ಟಿ, ಅದೇ ಕಾರಣಕ್ಕೆ ಅವರನ್ನು ದೂರವಿಟ್ಟ ನಾಡು ಇದು. ಇಲ್ಲಿ ಒಬ್ಬ ಗುರು ತನ್ನ ಕೈಯಿಂದ ರೋಗಿಯ ಮಲ ತೊಳೆಸಿದ. ಅವನನ್ನು ನಾವು ಶರಣು ಹೋಗಿದ್ದೇವೆ.

*ಒಂದು ಎಚ್ಚರಿಕೆ*

ಹೊಟ್ಟೆಗೂ ಮನಸ್ಸಿಗೂ ನಂಟಿದೆ ಎಂದ ಕೂಡಲೇ ಕೆಲವರು ಹಳೆಯ ರಾಗ ತೆಗೆಯುತ್ತಾರೆ: "ಅದಕ್ಕೇ ನೋಡ್ರಿ ಸಾತ್ವಿಕ ಆಹಾರ ಉಣ್ಣಬೇಕು. ತಾಮಸ ಆಹಾರ ಉಂಡವರ ಬುದ್ಧಿ ತಾಮಸ." ಈ ಮಾತಿನ ಬಾಣ ಯಾರ ತಟ್ಟೆಯ ಕಡೆಗೆ ಎಂದು ನಮಗೆ ಗೊತ್ತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲಾಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಎದ್ದು ವಿರೋಧಿಸಿದ್ದನ್ನೂ ನೋಡಿದ್ದೇವೆ.

ಇದಕ್ಕೆ ಉತ್ತರ ಸುತ್ತನಿಪಾತದ ಆಮಗಂಧ ಸುತ್ತದಲ್ಲಿದೆ. ನಾತ ಇರುವುದು ಮಾಂಸದಲ್ಲಲ್ಲ. ಹಿಂಸೆ, ಕಳವು, ಸುಳ್ಳು, ಮೋಸ, ಸೊಕ್ಕು, ಹೊಟ್ಟೆಕಿಚ್ಚು, ಇವೇ ನಾತ ಎಂಬುದು ಅದರ ಸಾರ. ಮೇಲೆ ಹೇಳಿದ ಆಸ್ಟ್ರೇಲಿಯಾದ ಅಧ್ಯಯನದ ಊಟದಲ್ಲೂ ಕಾಳು, ತರಕಾರಿ, ಹಣ್ಣುಗಳ ಜೊತೆ ಮೀನು, ಮೊಟ್ಟೆ, ಮಾಂಸ ಇದ್ದವು. ಕರುಳು ಜಾತಿ ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾದ ಊಟ, ನಾರಿನಂಶ, ನೀರು, ನಿದ್ದೆ. ಜೊತೆಗೆ ಉಣ್ಣುವಾಗ ಅವಮಾನವಾಗದ ಒಂದು ಜಾಗ. ಹೊಟ್ಟೆಯ ಆರೋಗ್ಯವೆಂದರೆ ಸಮಾನತೆಯ ಪ್ರಶ್ನೆಯೂ ಹೌದು.

ನಮ್ಮ ಅಂಬಲಿ, ನುಚ್ಚು, ಜೋಳದ ರೊಟ್ಟಿ, ಪುಂಡಿಪಲ್ಲೆ, ಹೆಸರುಕಾಳು, ಮಜ್ಜಿಗೆ, ಇವನ್ನು ಬಡವರ ಊಟವೆಂದು ನಾಚಿ ಬಿಡುತ್ತಿದ್ದೇವೆ. ಸಂಬಳ ಬಂದ ಮನೆಗಳಲ್ಲಿ ಬೇಕರಿ ಖಾರಿ, ಬಿಸ್ಕೀಟು, ಪ್ಯಾಕೆಟ್ ಕುರುಕಲು ಸೇರಿವೆ. ಕರುಳಿನ ಒಳ್ಳೆಯ ಜೀವಿಗಳು ಬದುಕುವುದು ಕಾಳು, ಸೊಪ್ಪಿನ ನಾರಿನ ಮೇಲೆ. ಮಹಾವಗ್ಗದಲ್ಲಿ ಯಾಗು, ಅಂದರೆ ಗಂಜಿಗೆ, ಹತ್ತು ಗುಣ ಹೇಳಿದೆ. ಹಸಿವು, ನೀರಡಿಕೆ ತಣಿಸುತ್ತದೆ, ವಾಯು ಸರಿಮಾಡುತ್ತದೆ, ಅರಗದೆ ಉಳಿದದ್ದನ್ನು ಅರಗಿಸುತ್ತದೆ ಎಂಬವು ಅದರಲ್ಲಿವೆ. ಜೊತೆಗೆ ಪಟಿಭಾನ ಎಂಬುದೂ ಇದೆ, ಅಂದರೆ ಬುದ್ಧಿಯ ಚುರುಕು. ಗಂಜಿಯಿಂದ ಬುದ್ಧಿಗೂ ಬಲ ಎಂದು ಅಂದೇ ಎಣಿಸಿದ್ದರು.

*ಇಂದಿನಿಂದ ಮಾಡಬಹುದಾದದ್ದು*

1. ಬೆಳಗ್ಗೆ ಬರೀ ಚಹಾದ ಮೇಲೆ ಕೆಲಸಕ್ಕೆ ಹೋಗಬೇಡಿ. ಒಂದು ಲೋಟ ಅಂಬಲಿಯಾದರೂ ಕುಡಿಯಿರಿ. ಮನೆಯ ಹೆಣ್ಣುಮಕ್ಕಳು ಕೊನೆಗೆ ಉಣ್ಣುವ ರೂಢಿ ನಿಲ್ಲಲಿ.

2. ಉಣ್ಣುವಾಗ ಮೊಬೈಲ್ ಬದಿಗಿಡಿ. ಮೊದಲ ಐದು ತುತ್ತು ಗಮನವಿಟ್ಟು ಅಗಿಯಿರಿ. ಸತಿಪಟ್ಠಾನದ ಅಭ್ಯಾಸ ಅಲ್ಲಿಂದಲೇ ಶುರು. ಹಾಗೆಯೇ ಮಿತಿ ಇರಲಿ. ಅತಿಯಾಗಿ ಉಂಡು ಏದುಸಿರು ಬಿಡುತ್ತಿದ್ದ ಕೋಸಲದ ಪಸೇನದಿ ರಾಜನಿಗೆ ಭಗವಾನರು ಹೇಳಿದ್ದು ಅದನ್ನೇ.

3. ಹೊಟ್ಟೆ ಹಿಂಡಿದಾಗ ಗುಳಿಗೆ ಹುಡುಕುವ ಮುಂಚೆ ಹೊಟ್ಟೆಯ ಮೇಲೆ ಕೈಯಿಟ್ಟು ಹತ್ತು ನಿಧಾನ ಉಸಿರು. ಇವತ್ತು ಯಾವುದಕ್ಕೆ ಹೆದರಿದ್ದೇನೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

4. ಐದನೆಯ ಶೀಲ ನೆನಪಿರಲಿ. ದುಃಖ ಮರೆಯಲು ಕುಡಿದ ಸೆರೆ ಜಠರವನ್ನು ಸುಡುತ್ತದೆ, ನಿದ್ದೆ ಕೆಡಿಸುತ್ತದೆ, ಮರುದಿನ ಅದೇ ದುಃಖವನ್ನು ದೊಡ್ಡದು ಮಾಡಿ ತರುತ್ತದೆ.

5. ಎಲ್ಲವೂ ಮನಸ್ಸಿನದೆಂದು ಕೈಕಟ್ಟಿ ಕೂರಬೇಡಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ವಾಂತಿ ಇದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಹೊಟ್ಟೆ ಹುಣ್ಣಿಗೆ ಬಹಳ ಸಲ ಹೆಲಿಕೋಬ್ಯಾಕ್ಟರ್ ಎಂಬ ಸೂಕ್ಷ್ಮಾಣು ಕಾರಣ, ಅದಕ್ಕೆ ಔಷಧ ಇದೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೇ ಎಲ್ಲ ಅಪವಾದ ಹೊರಿಸಬೇಡಿ.

6. ಮನಸ್ಸಿಗೆ ಗುಳಿಗೆ ತೆಗೆದುಕೊಳ್ಳುತ್ತಿರುವವರು ಈ ಬರಹ ಓದಿ ಅದನ್ನು ನಿಲ್ಲಿಸಬೇಡಿ. ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾಯತದ ದುಡ್ಡು ಉಳಿಯುತ್ತದೆ.

ಕೊನೆಯ ಮಾತು. ಹೋದ ವರ್ಷ ನನ್ನ ಏಳನೇ ತರಗತಿಯ ಒಬ್ಬ ಹುಡುಗಿ ದಿನಾ ಪ್ರಾರ್ಥನೆಯ ಹೊತ್ತಿಗೆ "ಟೀಚರ, ಹೊಟ್ಟಿ ನೋಯ್ತೈತ್ರಿ" ಎನ್ನುತ್ತಿದ್ದಳು. ನೆಪ ಎಂದು ಮೊದಲು ನಾನೂ ಗದರಿದೆ. ಒಂದು ದಿನ ಪಕ್ಕಕ್ಕೆ ಕೂರಿಸಿಕೊಂಡು ಕೇಳಿದೆ: "ಮುಂಜಾನೆ ಏನ್ ಉಂಡಿ? ನೀರು ಕುಡದಿಯೇನು?" ಏನೂ ಇಲ್ಲ. ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ, ಹುಡುಗರು ನೂಕುತ್ತಾರೆಂಬ ಹೆದರಿಕೆಗೆ ನೀರೇ ಬಿಟ್ಟಿದ್ದಳು. ಚಿಲಕ ಹಾಕಿಸಲು ಒಂದು ಮಧ್ಯಾಹ್ನ ಸಾಕಾಯಿತು. ನೀರು ಕುಡಿಯತೊಡಗಿದಳು. ಎರಡು ವಾರದಲ್ಲಿ ಹೊಟ್ಟೆನೋವಿನ ಮಾತು ನಿಂತಿತು. ಈಗ ಪ್ರಾರ್ಥನೆಯಲ್ಲಿ ಸಂವಿಧಾನದ ಪ್ರಸ್ತಾವನೆ ಓದಿಸುವವಳು ಅವಳೇ. ಮೂವತ್ತೈದು ವರ್ಷದ ಹಿಂದೆ ನನ್ನನ್ನು ಯಾರಾದರೂ ಹೀಗೆ ಕೇಳಿದ್ದರೆ ಎಂದುಕೊಂಡೆ. ಆಮೇಲೆ, ಕೇಳುವ ಸರದಿ ಈಗ ನನ್ನದು ಎಂದು ಸಮಾಧಾನ ಮಾಡಿಕೊಂಡೆ.

ಭಗವಾನರ ಕೊನೆಯ ಕಾಯಿಲೆಯೂ ಹೊಟ್ಟೆಯದೇ. ಪಾವಾದ ಕಮ್ಮಾರ ಚುಂದ ನೀಡಿದ ಊಟದ ನಂತರ ರಕ್ತಭೇದಿಯಾಯಿತು. ಅಂಥ ನೋವಿನಲ್ಲೂ ಅವರಿಗೆ ಚುಂದನ ಮನಸ್ಸಿನದೇ ಚಿಂತೆ. ತನ್ನ ಊಟದಿಂದ ಹೀಗಾಯಿತೆಂದು ಅವನು ಕೊರಗದಂತೆ ಸಮಾಧಾನ ಹೇಳಲು ಆನಂದನಿಗೆ ಒಪ್ಪಿಸಿದರು.

ಕಾಕಾ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಅದು ಎರಡೂ ಹೌದು. ಬರುವ ಭಾನುವಾರ ಮೊದಲು ಎಲ್ಲರೂ ಕೂಡಿ ಅಂಬಲಿ ಕುಡಿಯೋಣ, ಆಮೇಲೆ ಧ್ಯಾನಕ್ಕೆ ಕೂರೋಣ. ಹೊಟ್ಟೆ ಗುಡುಗಿದರೆ ಯಾರೂ ನಗುವುದು ಬೇಡ.

ಇವತ್ತು ಮನೆಯಲ್ಲಿ ಸಿಟ್ಟಾದವರನ್ನು, ಮಂಕಾಗಿ ಕುಳಿತವರನ್ನು ಒಮ್ಮೆ "ಉಂಡಿಯೇನು?" ಎಂದು ಕೇಳಿ. ಹೊಟ್ಟೆನೋವು ಎಂದವರನ್ನು "ಮನಸಿಗೇನಾಗೇತಿ?" ಎಂದು ಕೇಳಿ. ಕೇಳಿದ ಮೇಲೆ ಉತ್ತರ ಬರುವವರೆಗೂ ಕುಳಿತಿರಿ.

ಎಲ್ಲರ ಹೊಟ್ಟೆ ತಣ್ಣಗಿರಲಿ. ಎಲ್ಲ ಜೀವಿಗಳೂ ಸುಖವಾಗಿರಲಿ.

ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್.